ಆಫ್ ಮಾಡಕ್ಕಾಗುತ್ತಾ? ನಡುಗುವ ಕೈ, ಮೆದುಳೊಳಗಿನ ಕರೆಂಟು ಮತ್ತು ಇನ್ನೂರು ವರ್ಷದ ಕತೆ

ಇವತ್ತಿನ ಸಂಚಿಕೆ ವಿಜ್ಞಾನದ ಇತಿಹಾಸದ್ದು. ಆದರೆ ಶುರುವಾಗೋದು ನಮ್ಮ ಮನೆಯಿಂದ.

ನಮ್ಮ ದೊಡ್ಡಪ್ಪ ಅರಸೀಕೆರೆಯಲ್ಲಿ ಟೈಲರ್. ಮೂವತ್ತು ವರ್ಷಕ್ಕೂ ಮೇಲೆ ಒಂದೇ ಅಂಗಡಿ, ಒಂದೇ ಹೊಲಿಗೆ ಮಿಷಿನ್. ನನ್ನ ಸ್ಕೂಲ್ ಯೂನಿಫಾರಂ ಎಲ್ಲ ಅವರೇ ಹೊಲಿದದ್ದು. ಕೆಲವು ವರ್ಷದ ಹಿಂದೆ ಅವರ ಬಲಗೈ, ಸುಮ್ಮನೆ ತೊಡೆ ಮೇಲೆ ಇಟ್ಟುಕೊಂಡಾಗಲೂ ತಾನಾಗೇ ಅಲ್ಲಾಡೋಕೆ ಶುರುವಾಯ್ತು. ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ಉಜ್ಜಿಕೊಳ್ತಾ ಇರ್ತಿದ್ದವು, ಚಿಟಿಕೆ ನಶ್ಯ ತಿಕ್ಕುವವರ ಥರ. ಮೊದಲು ಸೂಜಿಗೆ ದಾರ ಪೋಣಿಸೋದು ನಿಂತಿತು. ಆಮೇಲೆ ಬಟ್ಟೆ ಕತ್ತರಿಸೋದು ನಿಂತಿತು. ಅಕ್ಷರ ಬರ್ತಾ ಬರ್ತಾ ಇರುವೆ ಸಾಲಿನಷ್ಟು ಸಣ್ಣದಾಯ್ತು. ಒಂದು ದಿನ ಬ್ಯಾಂಕಿನಲ್ಲಿ, ಸೈನ್ ಮ್ಯಾಚ್ ಆಗ್ತಿಲ್ಲ, ಹೆಬ್ಬೆಟ್ಟು ಒತ್ತಿಬಿಡಿ ಅಂದರಂತೆ. ದಿನಾ ಪೇಪರ್ ಓದೋ ಮನುಷ್ಯ ಅವರು. ಮನೆಗೆ ಬಂದು ಇಂಕ್ ಆದ ಹೆಬ್ಬೆರಳನ್ನ ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದರು ಅಂತ ದೊಡ್ಡಮ್ಮ ಈಗಲೂ ಹೇಳ್ತಾರೆ.

ಪಾರ್ಕಿನ್ಸನ್ ಕಾಯಿಲೆ. ಮಾತ್ರೆ ಶುರುವಾಯ್ತು, ಕೆಲವು ವರ್ಷ ಚೆನ್ನಾಗೇ ಕೆಲಸ ಮಾಡಿತು. ಆಮೇಲೆ ಮಾತ್ರೆಯ ಪ್ರಭಾವ ಎರಡು ಮೂರು ಗಂಟೆಗೇ ಇಳಿಯೋಕೆ ಶುರು. ಇಳಿದಾಗ ಮೈ ಮರಗಟ್ಟುತ್ತಿತ್ತು. ಏರಿದಾಗ ಬೇಡ ಅಂದರೂ ಕೈಕಾಲು ತಿರುಚಿಕೊಂಡು ಕುಣೀತಿತ್ತು. ಆಗ ಡಾಕ್ಟರು ಡಿಬಿಎಸ್ ಅಂದ್ರು. ಡೀಪ್ ಬ್ರೇನ್ ಸ್ಟಿಮ್ಯುಲೇಷನ್. ಮೆದುಳಿನ ಆಳಕ್ಕೆ ತೆಳುವಾದ ತಂತಿ ಇಳಿಸಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ ಇಟ್ಟು, ಹಗಲೂ ರಾತ್ರಿ ಸಣ್ಣ ಕರೆಂಟು ಕೊಡೋದು.

ಆವತ್ತು ಆ ರೂಮಿನಲ್ಲಿ ನಾನೂ ಇದ್ದೆ. ಅಣ್ಣ ಖರ್ಚು ಎಷ್ಟು ಅಂತ ಕೇಳಿದ. ನಾನು ರಿಸ್ಕ್ ಎಷ್ಟು ಅಂತ ಕೇಳಿದೆ. ದೊಡ್ಡಮ್ಮ, "ನಮ್ಮೂರಲ್ಲಿ ಕರೆಂಟ್ ಹೋದ್ರೆ ಇವರದ್ದೂ ಹೋಗುತ್ತಾ ಸಾರ್?" ಅಂತ ಕೇಳಿದ್ರು. ಡಾಕ್ಟರು ನಕ್ಕರು, ಇಲ್ಲ ಅಮ್ಮ ಅಂದ್ರು. ಕೊನೆಗೆ ದೊಡ್ಡಪ್ಪ ಒಂದೇ ಒಂದು ಪ್ರಶ್ನೆ ಕೇಳಿದ್ರು.

"ಬೇಡ ಅನ್ನಿಸಿದ್ರೆ ಆಫ್ ಮಾಡಕ್ಕಾಗುತ್ತಾ?"

"ಆಗುತ್ತೆ" ಅಂದ್ರು ಡಾಕ್ಟರು.

ಆ 'ಆಗುತ್ತೆ' ಅನ್ನೋ ಪದಕ್ಕೆ ಎಷ್ಟು ಬೆಲೆ ತೆತ್ತಿದ್ದಾರೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ, ಇದರ ಇತಿಹಾಸ ಓದುತ್ತಾ ಹೋದಾಗ. ಅದನ್ನೇ ಇವತ್ತು ನಿಮ್ಮ ಜೊತೆ ಹಂಚಿಕೊಳ್ತೀನಿ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ನಾನು ಡಾಕ್ಟರ್ ಅಲ್ಲ. ಇದು ಇತಿಹಾಸ, ಚಿಕಿತ್ಸೆಯ ಸಲಹೆ ಅಲ್ಲ.

ಮೊದಲು ಲಂಡನ್‌ಗೆ ಹೋಗೋಣ. 1817ನೇ ಇಸವಿ. ಹಾಕ್ಸ್‌ಟನ್ ಅನ್ನೋ ಕಡೆ ಜೇಮ್ಸ್ ಪಾರ್ಕಿನ್ಸನ್ ಅಂತ ಒಬ್ಬ ವೈದ್ಯರಿದ್ದರು. ಅವರು ಒಂದು ಸಣ್ಣ ಪುಸ್ತಕ ಬರೆದರು, ನಡುಗುವ ಲಕ್ವದ ಬಗ್ಗೆ ಒಂದು ಪ್ರಬಂಧ ಅನ್ನೋ ಅರ್ಥದ ಹೆಸರು ಅದಕ್ಕೆ. ಅದರಲ್ಲಿ ಇರೋದು ಕೇವಲ ಆರು ಜನರ ವಿವರ. ಅವರಲ್ಲೂ ಎಲ್ಲರೂ ಅವರ ರೋಗಿಗಳಲ್ಲ. ಕೆಲವರನ್ನು ಬೀದಿಯಲ್ಲಿ ಕಂಡು ಮಾತಾಡಿಸಿದ್ದು, ಒಬ್ಬರನ್ನಂತೂ ದೂರದಿಂದ ನೋಡಿದ್ದಷ್ಟೆ. ಬಾಗಿದ ಬೆನ್ನು, ಓಡೋ ಹಾಗೆ ಮುಗ್ಗರಿಸುವ ನಡಿಗೆ, ಸುಮ್ಮನಿದ್ದಾಗ ನಡುಗುವ ಕೈ. ಇದೆಲ್ಲ ಬೇರೆ ಬೇರೆ ತೊಂದರೆ ಅಲ್ಲ, ಒಂದೇ ಕಾಯಿಲೆ ಅಂತ ಹೇಳಿದ್ದು ಅವರ ಸಾಧನೆ. ಅದಕ್ಕೆ ಪಾರ್ಕಿನ್ಸನ್ ಅನ್ನೋ ಹೆಸರು ಗಟ್ಟಿಯಾಗಿದ್ದು ಅವರು ತೀರಿಕೊಂಡು ದಶಕಗಳಾದ ಮೇಲೆ, ಪ್ಯಾರಿಸ್ಸಿನ ಶಾರ್ಕೋ ಅನ್ನೋ ವೈದ್ಯರಿಂದ.

ಆ ಆರು ಜನರಲ್ಲಿ ಕೊನೆಯವರ ವಿಷಯ ನೆನಪಿಟ್ಟುಕೊಳ್ಳಿ. ಅವರಿಗೆ ನಡುಕ ಇದ್ದಾಗಲೇ ಒಂದು ಕಡೆಗೆ ಲಕ್ವ ಹೊಡೆಯಿತು. ಲಕ್ವ ಹೊಡೆದ ಕೈಕಾಲಿನಲ್ಲಿ ನಡುಕ ಪೂರ್ತಿ ನಿಂತುಹೋಯಿತು. ಆಮೇಲೆ ಕೈಕಾಲಿಗೆ ಶಕ್ತಿ ವಾಪಸ್ ಬಂತು, ನಡುಕವೂ ವಾಪಸ್ ಬಂತು. ಅಂದರೆ ಏನರ್ಥ? ನಡುಕ ಇರೋದು ಕೈಯಲ್ಲಲ್ಲ, ಮೆದುಳಲ್ಲಿ. ಮೆದುಳಿನ ಯಾವುದೋ ದಾರಿ ಕಡಿದರೆ ನಡುಕ ನಿಲ್ಲುತ್ತೆ. ಮುಂದಿನ ನೂರೈವತ್ತು ವರ್ಷ ಶಸ್ತ್ರವೈದ್ಯರು ಹುಡುಕಿದ್ದು ಇದನ್ನೇ: ಕೈ ಬಿದ್ದುಹೋಗದ ಹಾಗೆ ನಡುಕವನ್ನು ಮಾತ್ರ ಕಡಿಯೋದು ಎಲ್ಲಿ?

ಈಗ ಕರೆಂಟಿನ ಕಡೆ ಬರೋಣ. ಸತ್ತ ಕಪ್ಪೆಯ ಕಾಲು ವಿದ್ಯುತ್ ತಾಗಿದರೆ ಒದೆಯುತ್ತೆ ಅಂತ ಇಟಲಿಯ ಗಾಲ್ವಾನಿ 1791ರಲ್ಲಿ ಬರೆದರು. ಅವರ ಸೋದರಳಿಯ ಆಲ್ಡಿನಿ 1803ರಲ್ಲಿ ಲಂಡನ್‌ನಲ್ಲಿ, ಗಲ್ಲಿಗೇರಿಸಿದ ಕೈದಿಯೊಬ್ಬನ ಹೆಣಕ್ಕೆ ಬ್ಯಾಟರಿ ತಾಗಿಸಿ ತೋರಿಸಿದರು. ದವಡೆ ಅಲುಗಿತು, ಕಣ್ಣು ತೆರೆಯಿತು, ಜನ ಬೆಚ್ಚಿಬಿದ್ದರು. ಇನ್ನು ಮೆದುಳಿನ ವಿಷಯದಲ್ಲಿ ನಿಜವಾದ ಹೆಜ್ಜೆ 1870ರದ್ದು. ಬರ್ಲಿನ್‌ನ ಫ್ರಿಟ್ಷ್ ಮತ್ತು ಹಿಟ್ಸಿಗ್ ನಾಯಿಯ ಮೆದುಳಿನ ಮೇಲ್ಪದರಕ್ಕೆ ಸಣ್ಣ ಕರೆಂಟು ಕೊಟ್ಟರು. ಒಂದು ಜಾಗ ಮುಟ್ಟಿದರೆ ಎದುರು ಬದಿಯ ಮುಂಗಾಲು, ಇನ್ನೊಂದು ಜಾಗ ಮುಟ್ಟಿದರೆ ಹಿಂಗಾಲು ಅಲುಗಿತು. ಮೆದುಳಿನಲ್ಲಿ ಚಲನೆಗೆ ಒಂದು ನಕ್ಷೆ ಇದೆ ಅಂತ ಗೊತ್ತಾಯ್ತು.

ನಾಯಿ ಆಯ್ತು, ಮುಂದೆ ಮನುಷ್ಯ. 1874, ಅಮೆರಿಕದ ಸಿನ್ಸಿನಾಟಿ. ಮೇರಿ ರಾಫರ್ಟಿ ಅಂತ ಒಬ್ಬ ಮನೆಗೆಲಸದ ಹೆಂಗಸು, ಮೂವತ್ತರ ವಯಸ್ಸು. ತಲೆಯ ಮೇಲಿನ ಕ್ಯಾನ್ಸರ್ ಹುಣ್ಣು ಬುರುಡೆಯನ್ನೇ ತಿಂದುಹಾಕಿ ಮೆದುಳು ಕಾಣ್ತಿತ್ತು. ರಾಬರ್ಟ್ಸ್ ಬಾರ್ಥೊಲೊ ಅನ್ನೋ ವೈದ್ಯ ಆ ಗಾಯದ ಮೂಲಕ ಆಕೆಯ ಮೆದುಳಿಗೆ ಸೂಜಿ ಚುಚ್ಚಿ ಕರೆಂಟು ಕೊಟ್ಟರು. ಎದುರು ಬದಿಯ ಕೈಕಾಲು ಬಿಗಿದುಕೊಂಡಿತು. ಅಲ್ಲಿಗೆ ನಿಲ್ಲಿಸಲಿಲ್ಲ. ಕರೆಂಟು ಹೆಚ್ಚಿಸಿದರು. ಆಕೆ ಅತ್ತಳು, ಫಿಟ್ಸ್ ಬಂತು, ಪ್ರಜ್ಞೆ ತಪ್ಪಿತು. ಕೆಲವೇ ದಿನಗಳಲ್ಲಿ ತೀರಿಕೊಂಡಳು. ಆಕೆಯ ಒಪ್ಪಿಗೆ ಇತ್ತು ಅಂತ ಬಾರ್ಥೊಲೊ ಸಮರ್ಥಿಸಿಕೊಂಡರು. ಆದರೆ ಆಕೆಗೆ ಬುದ್ಧಿ ಕಮ್ಮಿ ಅಂತ ತಮ್ಮ ವರದಿಯಲ್ಲಿ ಬರೆದವರೂ ಅವರೇ. ಅಮೆರಿಕದ ವೈದ್ಯರ ಸಂಘ ಈ ಪ್ರಯೋಗವನ್ನು ಖಂಡಿಸಿತು.

ಎಚ್ಚರವಿದ್ದ ಮನುಷ್ಯರ ಮೆದುಳಿಗೆ ಕರೆಂಟು ಕೊಟ್ಟು, ಏನಾಯ್ತು ಅಂತ ಬರೆದಿಟ್ಟ ಮೊದಲ ದಾಖಲೆಯಾಗಿ ಪುಸ್ತಕಗಳು ಹೇಳೋದು ಇದನ್ನೇ. ನಾನು ಇದನ್ನ ಓದಿದಾಗ ನನಗೆ ಕಂಡಿದ್ದು ದೊಡ್ಡಪ್ಪನ ಮುಖ. ಮೇರಿಗೆ ಸಾಕು ಅನ್ನಿಸಿದಾಗ ಆಫ್ ಮಾಡಿ ಅನ್ನೋ ಅಧಿಕಾರ ಇರಲಿಲ್ಲ. ಸ್ವಿಚ್ಚು ಇನ್ನೊಬ್ಬರ ಕೈಯಲ್ಲಿತ್ತು.

ಇಪ್ಪತ್ತನೇ ಶತಮಾನ ಬಂತು. ಶಸ್ತ್ರವೈದ್ಯರು ಕಡಿಯೋದಕ್ಕೆ ಇಳಿದರು. 1909ರಲ್ಲಿ ಲಂಡನ್‌ನ ವಿಕ್ಟರ್ ಹಾರ್ಸ್‌ಲಿ, ಕೈ ತಿರುಚಿಕೊಳ್ಳುವ ಕಾಯಿಲೆಯಿದ್ದ ಹುಡುಗನೊಬ್ಬನ ಮೆದುಳಿನ ಚಲನೆಯ ಪದರವನ್ನೇ ತೆಗೆದ ವಿಷಯ ಹೇಳಿದರು. ತಿರುಚೋದು ನಿಂತಿತು, ಆದರೆ ಕೈಯ ಶಕ್ತಿಯೂ ಕುಂದಿತು. ಮೂಗಿಗಿಂತ ಮೂಗುತಿ ಭಾರ ಅನ್ನೋ ಹಾಗೆ, ಕಾಯಿಲೆಗಿಂತ ಮದ್ದೇ ಭಾರ.

ಸಮಸ್ಯೆ ಏನಪ್ಪಾ ಅಂದ್ರೆ, ಬೇಕಾದ ಜಾಗ ಇರೋದು ಮೆದುಳಿನ ಆಳದಲ್ಲಿ, ಕೆಲವೇ ಮಿಲಿಮೀಟರ್ ಗಾತ್ರದ್ದು. ಅಲ್ಲಿಗೆ ತಲುಪೋದು ಹೇಗೆ? 1947ರಲ್ಲಿ ಫಿಲಡೆಲ್ಫಿಯಾದ ಸ್ಪೀಗಲ್ ಮತ್ತು ವೈಸಿಸ್ ಒಂದು ಚೌಕಟ್ಟು ಮಾಡಿದರು. ತಲೆಯನ್ನು ಅದರಲ್ಲಿ ಅಲ್ಲಾಡದ ಹಾಗೆ ಬಿಗಿದು, ಎಕ್ಸ್‌ರೇ ತೆಗೆದು, ಉದ್ದ, ಅಗಲ, ಆಳ ಮೂರನ್ನೂ ಲೆಕ್ಕ ಹಾಕಿ ಸೂಜಿ ಇಳಿಸೋದು. ಫೋನಿನ ಮ್ಯಾಪಲ್ಲಿ ಲೊಕೇಶನ್ ಹಾಕ್ತೀವಲ್ಲ, ಮೆದುಳಿಗೆ ಹಾಗೆ ಒಂದು ಲೊಕೇಶನ್.

ಇನ್ನು ಯಾವ ಲೊಕೇಶನ್ ಅನ್ನೋದಕ್ಕೆ ಸುಳಿವು ಕೊಟ್ಟಿದ್ದು ಒಂದು ಎಡವಟ್ಟು. 1952ರಲ್ಲಿ ನ್ಯೂಯಾರ್ಕ್‌ನ ಅರ್ವಿಂಗ್ ಕೂಪರ್ ಒಬ್ಬ ಪಾರ್ಕಿನ್ಸನ್ ರೋಗಿಗೆ ಆಪರೇಷನ್ ಮಾಡ್ತಿದ್ದರು. ಕಡಿಯಬೇಕಿದ್ದ ಜಾಗಕ್ಕೆ ತಲುಪೋ ಮೊದಲೇ ಒಂದು ಸಣ್ಣ ರಕ್ತನಾಳ ಹರಿಯಿತು. ಗಾಬರಿಯಲ್ಲಿ ಅದನ್ನು ಮುಚ್ಚಿ, ಆಪರೇಷನ್ ಅಲ್ಲಿಗೇ ನಿಲ್ಲಿಸಿದರು. ರೋಗಿ ಎದ್ದಾಗ ನೋಡಿದರೆ ನಡುಕ ಇಲ್ಲ, ಬಿಗಿತ ಇಲ್ಲ, ಕೈಯೂ ಬಿದ್ದುಹೋಗಿಲ್ಲ! ರಕ್ತ ನಿಂತಿದ್ದರಿಂದ ಮೆದುಳಿನ ಆಳದ ಒಂದು ಭಾಗ ಸತ್ತಿತ್ತು. ಅಲ್ಲಿಂದ ಮುಂದೆ ಕೂಪರ್ ಮತ್ತು ಇತರರು ಆ ಆಳದ ಭಾಗಗಳನ್ನು ಬೇಕಂತಲೇ ನಾಶ ಮಾಡೋಕೆ ಶುರು ಮಾಡಿದರು, ಆಲ್ಕೋಹಾಲ್ ಚುಚ್ಚಿ, ಶಾಖದಿಂದ ಸುಟ್ಟು, ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿ.

ಈ ಕತೆಯಲ್ಲಿ ನಮ್ಮ ಬೆಂಗಳೂರೂ ಇದೆ. ನಿಮ್ಹಾನ್ಸ್‌ನ ಸ್ಥಾಪಕ ನಿರ್ದೇಶಕರಾಗಿದ್ದ ಡಾ. ಆರ್. ಮಾರ್ತಾಂಡ ವರ್ಮ, ಬುರುಡೆಗೆ ತೂತು ಕೊರೆಯೋ ಬದಲು, ಬುರುಡೆಯ ತಳದಲ್ಲಿ ಎಲ್ಲರಿಗೂ ಹುಟ್ಟಿನಿಂದಲೇ ಇರುವ ಒಂದು ರಂಧ್ರದ ಮೂಲಕ ಸೂಜಿ ತೂರಿಸಿ ಪಾರ್ಕಿನ್ಸನ್‌ಗೆ ಚಿಕಿತ್ಸೆ ಮಾಡುವ ದಾರಿ ಕಂಡುಕೊಂಡರು. ಅದಕ್ಕೆ ವರ್ಮ ವಿಧಾನ ಅಂತಲೇ ಹೆಸರಾಯಿತು. ಮದ್ರಾಸಿನಲ್ಲಿ ಡಾ. ಬಿ. ರಾಮಮೂರ್ತಿ ಅವರ ತಂಡ ಇಂಥ ಆಪರೇಷನ್‌ಗಳಿಗೆ ಹೆಸರಾಗಿತ್ತು. ಆ ತಂಡದಲ್ಲಿದ್ದ ಡಾ. ಟಿ.ಎಸ್. ಕನಕ ಏಷ್ಯಾದ ಮೊದಲ ಮಹಿಳಾ ನರಶಸ್ತ್ರಚಿಕಿತ್ಸಕಿಯರಲ್ಲಿ ಒಬ್ಬರು. ಮೆದುಳೊಳಗೆ ಎಲೆಕ್ಟ್ರೋಡ್ ಇಟ್ಟು ಬಹುಕಾಲ ಹಾಗೇ ಬಿಡುವ ಕೆಲಸವನ್ನು 1970ರ ದಶಕದಲ್ಲೇ ಅವರು ಕೈಗೆತ್ತಿಕೊಂಡಿದ್ದರು.

ಇಲ್ಲಿ ಒಂದು ಮುಖ್ಯ ವಿಷಯ. ಸುಡುವ ಮೊದಲು ಅನೇಕ ವೈದ್ಯರು ಒಂದು ಪರೀಕ್ಷೆ ಮಾಡ್ತಿದ್ದರು. ಸೂಜಿಯ ತುದಿಯಿಂದ ಸಣ್ಣ ಕರೆಂಟು ಕೊಟ್ಟು, ರೋಗಿಯನ್ನು ಮಾತಾಡಿಸಿ ನೋಡೋರು. ನಾಲಗೆ ಎಳೆಯುತ್ತಾ? ಕೈ ಜೋಮು ಹಿಡಿಯುತ್ತಾ? ಹಾಗಾದರೆ ಜಾಗ ತಪ್ಪು. ಎಲೆಕ್ಟ್ರಿಷಿಯನ್ ವೈರು ಮುಟ್ಟೋ ಮೊದಲು ಟೆಸ್ಟರ್ ಹಿಡಿದು ನೋಡ್ತಾನಲ್ಲ, ಹಾಗೆ. ಅಂದರೆ ಕರೆಂಟು ಆಗ ಚಿಕಿತ್ಸೆ ಅಲ್ಲ, ಬರೀ ಟೆಸ್ಟರ್. ಚಿಕಿತ್ಸೆ ಏನಿದ್ದರೂ ಸುಡೋದು. ಸುಟ್ಟ ಮೇಲೆ ವಾಪಸ್ ದಾರಿ ಇಲ್ಲ.

ಅಷ್ಟರಲ್ಲಿ ಒಂದು ಮಾತ್ರೆ ಬಂದು ಎಲ್ಲವನ್ನೂ ಬದಲಾಯಿಸಿತು. ಡೋಪಮೈನ್ ಅನ್ನೋ ಹೆಸರು ನಿಮಗೆ ರೀಲ್ಸ್‌ನಿಂದ ಗೊತ್ತಿರುತ್ತೆ, 'ಡೋಪಮೈನ್ ಹಿಟ್' ಅಂತೀವಲ್ಲ. ಅದು ಮೆದುಳಿಗೆ ಮುಖ್ಯ ಅಂತ 1957ರ ಸುಮಾರಿಗೆ ತೋರಿಸಿದ್ದು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್. 2000ದಲ್ಲಿ ಅವರಿಗೆ ನೊಬೆಲ್ ಬಂತು. ಪಾರ್ಕಿನ್ಸನ್‌ನಿಂದ ತೀರಿಕೊಂಡವರ ಮೆದುಳಿನಲ್ಲಿ ಡೋಪಮೈನ್ ಬಹಳ ಕಡಿಮೆ ಅಂತ 1960ರಲ್ಲಿ ವಿಯೆನ್ನಾದ ವಿಜ್ಞಾನಿಗಳು ಕಂಡುಕೊಂಡರು. ಡೋಪಮೈನ್ ತಯಾರಿಸುವ ಜೀವಕೋಶಗಳೇ ಸಾಯ್ತಾ ಹೋಗೋದು ಈ ಕಾಯಿಲೆ. ಹಾಗಾದರೆ ಡೋಪಮೈನ್ ಕೊಟ್ಟರಾಯ್ತಲ್ಲ? ಅದು ರಕ್ತದಿಂದ ಮೆದುಳಿಗೆ ಹೋಗೋದಿಲ್ಲ. ಆದರೆ ಅದರ ಕಚ್ಚಾವಸ್ತು ಲೆವೊಡೋಪಾ ಹೋಗುತ್ತೆ. 1967ರಲ್ಲಿ ನ್ಯೂಯಾರ್ಕ್‌ನ ಜಾರ್ಜ್ ಕೊಟ್ಸಿಯಾಸ್ ಸ್ವಲ್ಪ ಸ್ವಲ್ಪವೇ ಡೋಸ್ ಏರಿಸುತ್ತಾ ಕೊಟ್ಟಾಗ, ಮರಗಟ್ಟಿ ಕೂತಿದ್ದವರು ಎದ್ದು ನಡೆದರು.

ಈ ಲೆವೊಡೋಪಾ ನಮಗೇನೂ ದೂರದ್ದಲ್ಲ. ಬೇಲಿ ಸಾಲಲ್ಲಿ ನಸುಗುನ್ನಿ ಬಳ್ಳಿ ನೋಡಿದ್ದೀರಾ? ಕಾಯಿ ಮುಟ್ಟಿದರೆ ಮೈಯೆಲ್ಲ ತುರಿಕೆ. ಅದರ ಬೀಜದಲ್ಲಿ ಇರೋದು ಇದೇ ವಸ್ತು. 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿ ತೋರಿಸಿದ್ದರು. ಆಯುರ್ವೇದದಲ್ಲಿ ಕಂಪವಾತಕ್ಕೆ ನಸುಗುನ್ನಿ ಕೊಡೋ ಪದ್ಧತಿಯೂ ಉಂಟು. ಹಾಗಂತ ಬೇಲಿಯಿಂದ ಕಿತ್ತು ತಿನ್ನೋಕೆ ಹೋಗಬೇಡಿ ಮತ್ತೆ.

ಮಾತ್ರೆ ಬಂದಮೇಲೆ ಮೆದುಳು ಸುಡುವ ಆಪರೇಷನ್ ಹೆಚ್ಚುಕಡಿಮೆ ಮೂಲೆ ಸೇರಿತು. ಆದರೆ ಕೆಲವೇ ವರ್ಷಗಳಲ್ಲಿ ಮಾತ್ರೆಯ ಇನ್ನೊಂದು ಮುಖ ಕಂಡಿತು. ಪ್ರಭಾವ ಬೇಗ ಇಳಿಯೋದು, ಏರಿದಾಗ ಮೈ ತಾನಾಗೇ ಕುಣಿಯೋದು. ನಮ್ಮ ದೊಡ್ಡಪ್ಪನಿಗೆ ಆದದ್ದು ಇದೇ.

ಅದೇ ಕಾಲದಲ್ಲಿ ಮೆದುಳಿಗೆ ಕರೆಂಟು ಅನ್ನೋ ವಿಷಯಕ್ಕೇ ಕೆಟ್ಟ ಹೆಸರು ಬಂತು. 1960ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದ ಹೊಸೆ ಡೆಲ್ಗಾಡೊ ಸ್ಪೇನ್‌ನ ಕೊರ್ಡೊಬಾದಲ್ಲಿ ಒಂದು ಗೂಳಿಯ ಮೆದುಳಿಗೆ ಎಲೆಕ್ಟ್ರೋಡ್ ಇಟ್ಟು, ಕೈಯಲ್ಲಿ ರೇಡಿಯೋ ರಿಮೋಟ್ ಹಿಡಿದು ಅದರ ಮುಂದೆ ನಿಂತರು. ಗೂಳಿ ನುಗ್ಗಿ ಬಂತು. ಬಟನ್ ಒತ್ತಿದರು, ಗೂಳಿ ನಿಂತಿತು. ಪ್ರಪಂಚದ ಪತ್ರಿಕೆಗಳಲ್ಲಿ ಅದೇ ಸುದ್ದಿ. ಜನರಿಗೆ ಖುಷಿಗಿಂತ ಭಯ ಆಯ್ತು. ಇವತ್ತು ಗೂಳಿ, ನಾಳೆ ನಾವು? ಆ ಭಯ ಸುಳ್ಳೇನಲ್ಲ. ಆ ಕಾಲದಲ್ಲಿ ಮಾನಸಿಕ ಆಸ್ಪತ್ರೆಯ ರೋಗಿಗಳ ಮೇಲೆ, ಸರಿಯಾಗಿ ಕೇಳದೆ, ಇಂಥ ಪ್ರಯೋಗಗಳು ನಡೆದದ್ದು ನಿಜ. 1970ರ ದಶಕದಲ್ಲಿ ಅಮೆರಿಕದಲ್ಲಿ ದೊಡ್ಡ ವಿರೋಧ ಎದ್ದಿತು. ರೋಗಿಯ ಒಪ್ಪಿಗೆ ಹೇಗಿರಬೇಕು ಅನ್ನೋ ಬಿಗಿ ನಿಯಮಗಳು ಅಲ್ಲಿ ಬಂದದ್ದು ಆ ದಶಕದಲ್ಲೇ.

ಈಗ ಎರಡು ದಾರಿಗಳು ಬಂದು ಸೇರುವ ಜಾಗಕ್ಕೆ ಬಂದಿದ್ದೀವಿ.

ಮೊದಲ ದಾರಿ ಕ್ಯಾಲಿಫೋರ್ನಿಯಾದ್ದು. 1982ರಲ್ಲಿ ಅಲ್ಲಿನ ಆಸ್ಪತ್ರೆಗಳಿಗೆ ಕೆಲವು ಚಿಕ್ಕ ವಯಸ್ಸಿನವರು ಬಂದರು, ಶಿಲೆಯ ಹಾಗೆ ಮರಗಟ್ಟಿಕೊಂಡು. ಮುದುಕರ ಕಾಯಿಲೆ ಈ ವಯಸ್ಸಿಗೆ, ಅದೂ ರಾತ್ರೋರಾತ್ರಿ ಹೇಗೆ? ಎಲ್ಲರೂ ಕಳ್ಳಮಾರ್ಗದಲ್ಲಿ ತಯಾರಾದ ನಕಲಿ ಹೆರಾಯಿನ್ ಚುಚ್ಚಿಕೊಂಡಿದ್ದರು. ತಯಾರಿಸುವಾಗ ತಪ್ಪಾಗಿ ಅದರಲ್ಲಿ ಎಂಪಿಟಿಪಿ ಅನ್ನೋ ವಿಷ ಸೇರಿತ್ತು. ಅದು ಡೋಪಮೈನ್ ಕೋಶಗಳನ್ನೇ ಹುಡುಕಿ ಕೊಲ್ಲುತ್ತೆ ಅಂತ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತವರ ಜೊತೆಯವರು ಪತ್ತೆ ಮಾಡಿದರು. ಆ ಯುವಕರಿಗೆ ಅದು ದುರಂತ. ವಿಜ್ಞಾನಕ್ಕೆ ಮಾತ್ರ ಪ್ರಯೋಗಾಲಯದ ಮಂಗಗಳಲ್ಲಿ ಪಾರ್ಕಿನ್ಸನ್ ತರಿಸಿ ಅಭ್ಯಾಸ ಮಾಡೋಕೆ ದಾರಿಯಾಯ್ತು. 1990ರಲ್ಲಿ ಮಾಲನ್ ಡಿಲಾಂಗ್ ಅವರ ತಂಡ ಅಂಥ ಮಂಗಗಳಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಅನ್ನೋ ಒಂದು ಪುಟ್ಟ ಗಂಟು ಅತಿಯಾಗಿ ಕೆಲಸ ಮಾಡ್ತಿದೆ, ಅದನ್ನು ನಾಶ ಮಾಡಿದರೆ ಲಕ್ಷಣಗಳು ಇಳಿಯುತ್ತವೆ ಅಂತ ತೋರಿಸಿತು.

ಎರಡನೇ ದಾರಿ ಫ್ರಾನ್ಸ್‌ನ ಗ್ರೆನೋಬಲ್‌ನದ್ದು. ಅಲ್ಲಿ ಆಲಿಂ ಲೂಯಿ ಬೆನಾಬಿದ್ ಅಂತ ಶಸ್ತ್ರವೈದ್ಯರು. ಭೌತಶಾಸ್ತ್ರದಲ್ಲೂ ಡಾಕ್ಟರೇಟ್ ಮಾಡಿದವರು. 1987ರ ಸುಮಾರಿಗೆ ನಡುಕದ ರೋಗಿಯೊಬ್ಬರಿಗೆ ಥಲಾಮಸ್ ಸುಡುವ ಆಪರೇಷನ್ ಮಾಡುವಾಗ ಮಾಮೂಲಿನಂತೆ ಟೆಸ್ಟರ್ ಕರೆಂಟು ಕೊಟ್ಟರು. ಎಲ್ಲರೂ ಸೆಕೆಂಡಿಗೆ ಹತ್ತಿಪ್ಪತ್ತು, ಐವತ್ತು ಸಲ ಮಿಡಿಯುವ ಕರೆಂಟು ಕೊಟ್ಟು ನಿಲ್ಲಿಸುತ್ತಿದ್ದರು. ಬೆನಾಬಿದ್ ಕುತೂಹಲಕ್ಕೆ ಏರಿಸ್ತಾ ಹೋದರು. ನೂರರ ಹತ್ತಿರ ಬಂದಾಗ ನಡುಕ ಪಟ್ಟನೆ ನಿಂತಿತು. ಏನೋ ಎಡವಟ್ಟು ಮಾಡಿಬಿಟ್ಟೆ ಅಂದುಕೊಂಡು ಅವರು ರೋಗಿಯ ಕ್ಷಮೆ ಕೇಳಿದರಂತೆ. ಆಫ್ ಮಾಡಿದರು, ನಡುಕ ಬಂತು. ಆನ್ ಮಾಡಿದರು, ಹೋಯ್ತು. ರೋಗಿಗೆ ಖುಷಿಯೋ ಖುಷಿ.

ಬರೀ ಟೆಸ್ಟರ್ ಆಗಿದ್ದದ್ದೇ ಚಿಕಿತ್ಸೆ ಆಯ್ತು. ಮತ್ತೆ ಈ ಚಿಕಿತ್ಸೆಗೆ ಆಫ್ ಸ್ವಿಚ್ ಇತ್ತು.

ಇದು ಯಾಕೆ ಅಷ್ಟು ದೊಡ್ಡದು? ಎರಡೂ ಕಡೆ ಥಲಾಮಸ್ ಸುಟ್ಟರೆ ಮಾತು ಕೆಡುವ ಅಪಾಯ ಬಹಳ. ಹಾಗಾಗಿ ಎರಡೂ ಕೈ ನಡುಗುವವರಿಗೆ ಒಂದು ಕೈ ಮಾತ್ರ ಸರಿ ಮಾಡಿ ಬಿಡುತ್ತಿದ್ದರು. ಗ್ರೆನೋಬಲ್‌ನ ತಂಡ ಒಂದು ಕಡೆ ಸುಟ್ಟಿದ್ದವರಿಗೆ ಇನ್ನೊಂದು ಕಡೆ ಸುಡದೆ ಎಲೆಕ್ಟ್ರೋಡ್ ಇಟ್ಟಿತು. ಬ್ಯಾಟರಿಗೇನೂ ತೊಂದರೆ ಇರಲಿಲ್ಲ. ಹೃದಯದ ಪೇಸ್‌ಮೇಕರ್ ಮೊದಲು ಮನುಷ್ಯನ ಮೈಯೊಳಗೆ ಹೋದದ್ದು 1958ರಲ್ಲಿ, ಸ್ವೀಡನ್‌ನಲ್ಲಿ. ಆ ತಂತ್ರವೇ ಇಲ್ಲಿಗೂ ಬಂತು.

ಇನ್ನು ಡಿಲಾಂಗ್ ತೋರಿಸಿದ ಆ ಪುಟ್ಟ ಗಂಟು. ಅದನ್ನು ಮುಟ್ಟೋಕೆ ಶಸ್ತ್ರವೈದ್ಯರು ಹೆದರುತ್ತಿದ್ದರು. ಅದಕ್ಕೆ ಪೆಟ್ಟಾದರೆ ಕೈಕಾಲು ಎತ್ತಿ ಎತ್ತಿ ಎಸೆಯುವ ಭಯಂಕರ ಚಲನೆ ಶುರುವಾಗುತ್ತೆ ಅಂತ ಮೊದಲಿಂದ ಗೊತ್ತಿತ್ತು. ಸುಟ್ಟು ನೋಡೋಣ ಅನ್ನೋ ಹಾಗಿಲ್ಲ. ಆದರೆ ಕರೆಂಟು ಕೊಟ್ಟು ನೋಡಬಹುದು, ಕೆಟ್ಟರೆ ಆಫ್ ಮಾಡಬಹುದು. 1993ರಲ್ಲಿ ಬೆನಾಬಿದ್ ಮತ್ತು ನರತಜ್ಞ ಪಿಯೆರ್ ಪೊಲಾಕ್ ಅಲ್ಲಿಗೆ ಎಲೆಕ್ಟ್ರೋಡ್ ಇಳಿಸಿದರು. ನಡುಕ ಮಾತ್ರವಲ್ಲ, ಬಿಗಿತ, ನಿಧಾನಗತಿ ಎಲ್ಲವೂ ಇಳಿಯಿತು. ಮಾತ್ರೆಗಳನ್ನೂ ಕಡಿಮೆ ಮಾಡೋಕಾಯ್ತು.

ಕರೆಂಟು ಅಲ್ಲಿ ಮಾಡೋದೇನು? ನನಗೆ ಅರ್ಥವಾದ ಹಾಗೆ ಹೇಳ್ತೀನಿ. ಡೋಪಮೈನ್ ಕಡಿಮೆಯಾದಾಗ ಆ ಭಾಗದ ನರಕೋಶಗಳೆಲ್ಲ ಒಂದೇ ಲಯದಲ್ಲಿ ಒಟ್ಟಿಗೆ ಮಿಡಿಯೋಕೆ ಶುರು ಮಾಡ್ತವೆ. ಆ ಗದ್ದಲದಲ್ಲಿ ಚಲನೆಯ ಆದೇಶ ದಾರಿ ತಪ್ಪುತ್ತೆ. ಮದುವೆಯಲ್ಲಿ ತಾಳಿ ಕಟ್ಟೋ ಹೊತ್ತಿಗೆ ಗಟ್ಟಿಮೇಳ ಗಟ್ಟಿಮೇಳ ಅಂತ ಕೂಗ್ತಾರಲ್ಲ, ಅಪಶಕುನದ ಸದ್ದು ಯಾವುದೂ ಕಿವಿಗೆ ಬೀಳಬಾರದು ಅಂತ. ಸೆಕೆಂಡಿಗೆ ಸುಮಾರು 130 ಸಲ ಮಿಡಿಯೋ ಈ ಕರೆಂಟು ಮೆದುಳೊಳಗಿನ ಗಟ್ಟಿಮೇಳ. ಕೆಟ್ಟ ಲಯವನ್ನು ಅದು ಮುಚ್ಚಿಹಾಕುತ್ತೆ. ನಿಲ್ಲಿಸಿದರೆ ಆ ಲಯ ಮತ್ತೆ ಕೇಳಿಸುತ್ತೆ. ಅದಕ್ಕೇ ಇದು ಕಾಯಿಲೆಯನ್ನು ವಾಸಿ ಮಾಡೋದಿಲ್ಲ. ಸಾಯ್ತಿರೋ ಕೋಶಗಳು ಸಾಯ್ತಾನೇ ಇರ್ತವೆ.

ಅಮೆರಿಕ ನಡುಕಕ್ಕೆ ಈ ಚಿಕಿತ್ಸೆಯನ್ನು 1997ರಲ್ಲಿ ಒಪ್ಪಿತು, 2002ರಲ್ಲಿ ಪಾರ್ಕಿನ್ಸನ್‌ಗೆ, 2003ರಲ್ಲಿ ಸ್ನಾಯು ತಿರುಚಿಕೊಳ್ಳುವ ಡಿಸ್ಟೋನಿಯಾಕ್ಕೆ. 2014ರಲ್ಲಿ ಬೆನಾಬಿದ್ ಮತ್ತು ಡಿಲಾಂಗ್ ಇಬ್ಬರಿಗೂ ಸೇರಿ ಲಾಸ್ಕರ್ ಪ್ರಶಸ್ತಿ ಬಂತು. ಇವತ್ತು ಜಗತ್ತಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರ ಮೆದುಳಲ್ಲಿ ಈ ತಂತಿ ಇದೆ. ಮೆದುಳಿನ ಕೆಟ್ಟ ಲಯವನ್ನು ತಾನೇ ಅಳೆದು, ಬೇಕಾದಷ್ಟೇ ಕರೆಂಟು ಕೊಡುವ ಯಂತ್ರಕ್ಕೆ 2025ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಸುಡೋದು ಪೂರ್ತಿ ಹೋಯ್ತಾ? ಇಲ್ಲ. 2017ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಒಬ್ಬ ಯುವಕ ಆಪರೇಷನ್ ಟೇಬಲ್ ಮೇಲೆ ಗಿಟಾರ್ ನುಡಿಸುತ್ತಿದ್ದ ವಿಡಿಯೋ ನೀವು ನೋಡಿರಬಹುದು. ಗಿಟಾರ್ ಹಿಡಿದಾಗ ಮಾತ್ರ ಬೆರಳು ಮಡಚಿಕೊಳ್ಳುವ ಡಿಸ್ಟೋನಿಯಾ ಅವರಿಗೆ. ಮೆದುಳಿಗೆ ನೋವು ಗೊತ್ತಾಗೋದಿಲ್ಲ, ಹಾಗಾಗಿ ಎಚ್ಚರ ಇಟ್ಟೇ ಮಾಡಬಹುದು. ಅವರು ನುಡಿಸ್ತಾ ಇದ್ದರು, ವೈದ್ಯರು ಥಲಾಮಸ್‌ನ ಸಣ್ಣ ಸಣ್ಣ ಬಿಂದುಗಳನ್ನು ಸುಡ್ತಾ ಇದ್ದರು, ಬೆರಳು ಬಿಡಿಸಿಕೊಳ್ಳುತ್ತಾ ಬಂತು. ಅಲ್ಲಿ ತಂತಿ ಇಲ್ಲ, ಬ್ಯಾಟರಿ ಇಲ್ಲ, ಖರ್ಚೂ ಕಡಿಮೆ. ಬಡ ದೇಶಗಳಲ್ಲಿ ಈ ಹಳೆಯ ದಾರಿಗೆ ಇನ್ನೂ ಜಾಗ ಇದೆ. ಡಿಬಿಎಸ್ ಯಂತ್ರಕ್ಕೇ ಹಲವು ಲಕ್ಷ ಬೇಕು. ಆಫ್ ಸ್ವಿಚ್ ಅನ್ನೋದು ದುಡ್ಡಿದ್ದವರಿಗೆ ಮಾತ್ರ ಸಿಗುವಂಥದ್ದಾದರೆ ಅದು ಇನ್ನೊಂದು ಥರದ ಅನ್ಯಾಯ. ನಮ್ಮ ಮನೆಯಲ್ಲಿ ಅದಕ್ಕಾಗಿ ಒಂದು ಸೈಟು ಮಾರಿದರು. ಮಾರೋಕೆ ಸೈಟು ಇಲ್ಲದವರ ಕತೆ ಏನು ಅಂತ ನಾನು ಯೋಚನೆ ಮಾಡ್ತಾನೇ ಇರ್ತೀನಿ.

ಸರಿ, ದೊಡ್ಡಪ್ಪನ ವಿಷಯ. ಆಪರೇಷನ್ ಆಯ್ತು. ಸಿನಿಮಾದಲ್ಲಿ ತೋರಿಸೋ ಹಾಗೆ ಒಂದೇ ದಿನದಲ್ಲಿ ಏನೂ ಆಗಲಿಲ್ಲ. ಕರೆಂಟು ಎಷ್ಟು, ಯಾವ ತುದಿಯಿಂದ ಅಂತ ಹೊಂದಿಸೋಕೆ ತಿಂಗಳುಗಟ್ಟಲೆ ಆಸ್ಪತ್ರೆಗೆ ಓಡಾಡಿದೆವು. ಒಂದು ಸಲ ಡಾಕ್ಟರು ಪರೀಕ್ಷೆಗೆ ಅಂತ ಪೂರ್ತಿ ಆಫ್ ಮಾಡಿದರು. ಸ್ವಲ್ಪ ಹೊತ್ತಿಗೆ ಬಲಗೈ ನಶ್ಯ ತಿಕ್ಕೋಕೆ ಶುರು ಮಾಡಿತು. ದೊಡ್ಡಪ್ಪ ಆ ಕೈಯನ್ನೇ ನೋಡ್ತಾ, "ಬಂದ್ಯಾ ಮಾರಾಯ?" ಅಂದ್ರು. ಆನ್ ಮಾಡಿದರು, ಕೈ ಸುಮ್ಮನಾಯ್ತು.

ಈಗ ಅವರು ಗುಂಡಿ ಹಾಕ್ತಾರೆ, ಹೊಲಿಗೆ ಬಿಡಿಸ್ತಾರೆ. ಕತ್ತರಿ ಕೆಲಸ ಅಣ್ಣನದ್ದೇ. ಬ್ಯಾಂಕಿಗೆ ಹೋಗಿ ಹೊಸ ಸೈನ್ ಕೊಟ್ಟು ಬಂದಿದ್ದಾರೆ. ಆದರೆ ಅವರ ಮಾತು ಮೊದಲಿನ ಹಾಗಿಲ್ಲ, ಮೆತ್ತಗಾಗಿದೆ, ಪದಗಳು ಒಂದಕ್ಕೊಂದು ಅಂಟಿಕೊಳ್ತವೆ. ಡಿಬಿಎಸ್ ಮಾಡಿಸಿಕೊಂಡ ಕೆಲವರಿಗೆ ಹೀಗಾಗುತ್ತೆ. ಫೋನಲ್ಲಿ ಎರಡೆರಡು ಸಲ ಕೇಳಬೇಕು. ಅದಕ್ಕೆ ಡಾಕ್ಟರು ಅವರ ರಿಮೋಟ್‌ನಲ್ಲಿ ಎರಡು ಸೆಟ್ಟಿಂಗ್ ಇಟ್ಟುಕೊಟ್ಟಿದ್ದಾರೆ. ಒಂದರಲ್ಲಿ ಕೈ ಚೆನ್ನಾಗಿರುತ್ತೆ, ಇನ್ನೊಂದರಲ್ಲಿ ಮಾತು.

ಹೋದ ತಿಂಗಳು ಅಕ್ಕನ ಮಗಳ ನಾಮಕರಣಕ್ಕೆ ಎಲ್ಲರೂ ಸೇರಿದ್ವಿ. ಊಟಕ್ಕೆ ಕೂರೋ ಮೊದಲು ದೊಡ್ಡಪ್ಪ ಜೇಬಿಂದ ರಿಮೋಟ್ ತೆಗೆದು ಒಂದು ಬಟನ್ ಒತ್ತಿದ್ದನ್ನ ನಾನು ನೋಡಿದೆ. ಸ್ವಲ್ಪ ಹೊತ್ತಿಗೆ ಅವರ ಕೈ ಮೆಲ್ಲಗೆ ನಡುಗೋಕೆ ಶುರುವಾಯ್ತು. ಪಲ್ಯ ಎಲೆಯಿಂದ ಆಚೆ ಬಿತ್ತು. ದೊಡ್ಡಮ್ಮ ಗಾಬರಿಯಾಗಿ ನೋಡಿದರು. ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಪಕ್ಕದಲ್ಲಿ ಕೂತಿದ್ದ ತಮ್ಮ ಹಳೇ ಸ್ನೇಹಿತರ ಜೊತೆ ಮಾತಾಡ್ತಾನೇ ಇದ್ದರು, ಒಂದೊಂದು ಪದವೂ ಸ್ಪಷ್ಟ. ಆವತ್ತು ಅವರಿಗೆ ಕೈಗಿಂತ ಮಾತು ಬೇಕಿತ್ತು. ಹಾಗಂತ ನಿರ್ಧರಿಸಿದ್ದು ಅವರೇ.

ಮನೆಯಲ್ಲಿ ಯಾರದ್ದಾದರೂ ಅಕ್ಷರ ದಿನೇ ದಿನೇ ಸಣ್ಣದಾಗ್ತಿದ್ದರೆ, ಕೂತಾಗ ಕೈ ನಡುಗ್ತಿದ್ದರೆ, ವಯಸ್ಸಾಯ್ತು ಬಿಡು ಅನ್ನಬೇಡಿ. ಒಬ್ಬ ನರರೋಗ ತಜ್ಞರಿಗೆ ತೋರಿಸಿ. ಹೋದಾಗ ಅವರ ಪರವಾಗಿ ನೀವೇ ಎಲ್ಲ ಮಾತಾಡಬೇಡಿ. ನಾನು ಆ ತಪ್ಪು ಮಾಡಿದ್ದೀನಿ. ಅವರಿಗೂ ಒಂದು ಪ್ರಶ್ನೆ ಇರುತ್ತೆ. ಅದನ್ನ ಕೇಳೋಕೆ ಬಿಡಿ.